ಇಪ್ಪತ್ತನೆಯ ಪಿನ್ನು

ಬೈತಖೋಲದಿಂದ ಶಾಣು ತಾಂಡೇಲ
ಲ್ಯಾಪ್‌ಟಾಪನ್ನು ಟವೆಲಿನಲ್ಲಿ ಸುತ್ತಿ ತಂದ.
ಮಗುವಿಗೆ ಜ್ವರ ಎನ್ನುವ ದನಿಯಲ್ಲಿ ಹೇಳಿದ:
"ನಿನ್ನೆಯಿಂದ ಟಕ್ ಟಕ್ ಅಂತದೆ."

ಕಿವಿಗೊಟ್ಟೆ. ಹೌದು,
ಚಾವಿ ಎಲ್ಲಿಟ್ಟೆ ಎಂದು ಒಂದೇ ಕಪಾಟನ್ನು
ತೆರೆದು ಮುಚ್ಚಿ, ತೆರೆದು ಮುಚ್ಚಿ
ಒಳಗೆ ಯಾರೋ.

ಇಪ್ಪತ್ತೆರಡು ವರ್ಷದ ಯಂತ್ರ.
ಕೀಲಿಗಳ ಸಂದಿಯಲ್ಲಿ ಉಪ್ಪು, ಸ್ಕ್ರೂ ತಲೆಯಲ್ಲಿ ತುಕ್ಕು.
ಕಾರವಾರದಲ್ಲಿ ಕಬ್ಬಿಣದ ಆಯುಸ್ಸು ಕೇಳಬಾರದು.
"ಹೊಸದು ತಗೊಳ್ಳೋ ಮಾರಾಯ" ಅಂದೆ.
ಅವನು ಅದರ ಬೆನ್ನು ತಿರುಗಿಸಿದ:
ಒಂಬತ್ತು ಸೂಜಿಯ ಹಳೇ ಬಾಯಿ.
"ಹೊಸದ್ರಲ್ಲಿ ಇದು ಇರ್ತದಾ ಅಕ್ಕ?
ದೋಣಿಯ ಆಳ ನೋಡೋ ಪೆಟ್ಟಿಗೆ
ಇದರ ಹತ್ರ ಮಾತ್ರ ಮಾತಾಡ್ತದೆ.
ನಡುವೆ ವಯರು ಹಾಕಿ ಬೇರೆಯದು ತೋರಿಸಿದೆ,
ಮುಖ ತಿರುಗಿಸ್ತು."

ಬಿಚ್ಚಿದೆ.
ನಲವತ್ನಾಲ್ಕು ಪಿನ್ನಿನ ಸಾಲು. ಇಪ್ಪತ್ತನೆಯದು ಇಲ್ಲ.
ಕಾರ್ಖಾನೆಯಲ್ಲೇ ಬಿಟ್ಟದ್ದು ಅದು,
ಯಾರೂ ತಲೆಕೆಳಗಾಗಿ ತುರುಕದಿರಲಿ ಎಂದು.
ಕೆಲಸ ಕಲಿಯುವಾಗ ಮುರಿದಿದೆ ಎಂದುಕೊಂಡು
ಒಂದು ಒಳ್ಳೆ ಡ್ರೈವನ್ನೇ ಎಸೆದಿದ್ದೆ;
ಬೈಗುಳ ಇನ್ನೂ ನೆನಪಿದೆ.

ಈಗಿನವಕ್ಕೆಲ್ಲ ಚಪ್ಪಟೆ ಬಾಯಿ.
ಉದ್ದ ಅಗಲ ಅದೇ, ಎರಡೂವರೆ ಇಂಚು.
ಜನ ಅಳತೆ ಹಿಡಿದು ಬರುತ್ತಾರೆ, ಸರಿಹೋಗ್ತದಲ್ಲ ಅನ್ನುತ್ತಾರೆ.
ಒಂದೇ ಎತ್ತರದವರೆಲ್ಲ
ಒಂದೇ ಮನೆಯಲ್ಲಿ ಬಾಳುತ್ತಾರೇನು?

ದುಭಾಷಿ ಪಟ್ಟಿಯೊಂದು
ಹುಬ್ಬಳ್ಳಿಯಿಂದ ಬಸ್ಸಿನ ಪಾರ್ಸೆಲ್ಲಿನಲ್ಲಿ
ಅರಬೈಲು ಘಟ್ಟ ಇಳಿದು ಮೂರನೇ ದಿನ ಬಂತು.
ಸಿಕ್ಕಿಸಿದೆ. ಕರಿ ಪರದೆ.
ಎಳ್ಳಿನಷ್ಟು ಜಂಪರನ್ನು ಒಂದು ಮನೆ ಸರಿಸಿದೆ.
ಕಣ್ಣು ಬಿಟ್ಟಿತು.

ಐನೂರರ ಡ್ರೈವು.
ಯಂತ್ರ ಎಣಿಸಿದ್ದು ನೂರಾ ಮೂವತ್ತೇಳು.
ಅದರಾಚೆ ಅದಕ್ಕೆ ಲೆಕ್ಕ ಕಲಿಸಿದವರಿಲ್ಲ.
ದುಡ್ಡು ದಂಡವಾಯಿತಲ್ಲ ಎಂದು ನಾನು ಒದ್ದಾಡುವಾಗ
ಶಾಣು ನಕ್ಕ:
"ನನ್ನ ಬಲೆ ಇಳಿಯೋದೇ ಹದಿನೆಂಟು ಮಾರು.
ಸಮುದ್ರ ಎಷ್ಟಿದ್ರೆ ನನಗೇನು?"

ಗೂಡು ಒಂಬತ್ತೂವರೆ ಮಿಲಿಮೀಟರು, ಡ್ರೈವು ಏಳು.
ಅಲ್ಲಾಡಿಸಿದರೆ ಗಡಗಡ.
ನಾನು ರಟ್ಟು ಹುಡುಕುತ್ತಿದ್ದೆ.
ಅವನು ಜೇಬಿನಿಂದ ಬಲೆಯ ಬೆಂಡು ತೆಗೆದು
ಬ್ಲೇಡಿನಿಂದ ಒಂದು ಚಕ್ಕೆ ಎಬ್ಬಿಸಿದ, ಬರೀ ಕಣ್ಣಳತೆ.
ಎರಡೂವರೆ. ಕೂತಿತು.

ರಾತ್ರಿಯಿಡೀ ಹಳೆಯದರಿಂದ ಹೊಸದಕ್ಕೆ ನಕಲು.
ಟಕ್. ಒಂದಿಷ್ಟು ಓದುತ್ತಿತ್ತು. ಟಕ್.
ಬೆಳಗಾಗುವಾಗ ಅವನ ಕಡತ ಬಂತು:
ನೀರಡಿಯ ಕಲ್ಲುಗಳು, ಬಲೆ ಹರಿಯುವ ಜಾಗಗಳು,
ಒಟ್ಟು ನಲವತ್ತೊಂದು.
ಕೂರ್ಮಗಡದ ಪಡುವಣ ಮೂರು ಬರಲಿಲ್ಲ.

ಸ್ಟೂಲಿನಲ್ಲಿ ಕೂತು ಕಣ್ಣು ಮುಚ್ಚಿದ.
"ಬರೀರಿ. ದೀಪದ ಕಂಬ ಗುಡ್ಡದ ಸೊಂಟಕ್ಕೆ ಬಂದಾಗ
ಬಲಕ್ಕೆ, ಒಂದು ಬೀಡಿ ಸೇದುವಷ್ಟು ದೂರ."
ಬರೆದೆ. ಬೀಡಿಯನ್ನು ಅಂಕಿಯಾಗಿಸಲು
ಸ್ವಲ್ಪ ಜಗಳವಾಯಿತು.
"ಎರಡನೇದು ನನ್ನ ಬಲೆಯೇ ಹೇಳಿದ್ದು,
ಹನ್ನೊಂದು ಮಾರು, ಬುಡದಲ್ಲಿ ಕೆಸರು."

ಮೂರನೆಯದು?
ಸುಮ್ಮನಾದ.
ಫ್ಯಾನು ತಿರುಗಿತು. ಕೆಳಗೆ ಅಂಕೋಲೆ ಬಸ್ಸಿನ ಹಾರ್ನು.
"ಅದು ಪುರ್ಸೋಗೆ ಗೊತ್ತು.
ಅವನೇ ತೋರಿಸಿದ್ದು."
ಮತ್ತೆ ತಡೆದು, "ಮಾತು ಬಿಟ್ಟು ಆರು ವರ್ಷ ಆಯ್ತು."

ಆ ಸಾಲು ಅಳಿಸಲೇ ಎಂದೆ.
"ಬೇಡ ಅಕ್ಕ, ಖಾಲಿ ಇರಲಿ.
ಖಾಲಿ ಇದ್ರೇ ನಾನು ಆ ಕಡೆ ಹೋಗೋದಿಲ್ಲ."

ದುಡ್ಡು ಎಣಿಸಿ ಕೊಟ್ಟ, ಇಪ್ಪತ್ತು ಬಾಕಿ ಇಟ್ಟ.
ಮೆಟ್ಟಿಲಲ್ಲಿ ಅವನ ಚಪ್ಪಲಿ ಸದ್ದು
ಅರ್ಧಕ್ಕೆ ನಿಂತದ್ದು ಕೇಳಿಸಿತು,
ಮೊಬೈಲಿನ ಗುಂಡಿ ಒತ್ತಿದ ಸಣ್ಣ ಪೀಂ ಪೀಂ,
ಐದೋ ಆರೋ ಅಂಕಿ.
ಉಳಿದದ್ದಕ್ಕೆ ನಾನು ಕಾದೆ.
ಮೇಜಿನ ಮೇಲೆ ಹಳೆ ಡ್ರೈವು ಅಂಗಾತ ಬಿದ್ದಿತ್ತು,
ಸಾಲಿನ ನಡುವೆ ಆ ಒಂದು ಹಲ್ಲು
ಇಲ್ಲದೆ.