ಬಿದ್ದಿಲ್ರಿ, ಜಿಗದೀನಿ

ನವನಗರದ ನಮ್ಮ ದವಾಖಾನಿ ರಜಿಸ್ಟರಿನಾಗ
ಒಂದು ಕಾಲಮ್ ಐತಿ: ಪೆಟ್ಟು ಹೆಂಗ ಆತು.
ನಾನು ಬರದಿದ್ದೆ: ಎತ್ತರದಿಂದ ಬಿದ್ದು.
ಗಾಲಿ ಮಂಚದ ಮ್ಯಾಲಿಂದ ಒಂಬತ್ತು ವರ್ಷದ ಬನಶ್ರೀ
ಕುತ್ತಿಗಿ ಚಾಚಿ ಓದಿದಳು, ಅಕ್ಷರಕ್ಕ ಬೆರಳಿಟ್ಟು.
"ಬಿದ್ದಿಲ್ರಿ," ಅಂದ್ಳು. "ಜಿಗದೀನಿ."
ಗೀಟು ಹೊಡದು ತಿದ್ದಿದೆ. ಬಾಜೂಕ ಸಹಿನೂ ಹಾಕಿದೆ.

ಗುಳೇದಗುಡ್ಡದ ಹುಡುಗಿ. ಖಣ ನೇಯೋ ಮನಿ.
ತಮ್ಮ ಮಾಳಗಿಯಿಂದ ನೆರಮನಿ ಮಾಳಗಿಗೆ,
ಇಬ್ಬರು ಹುಡುಗ್ರು ದಾಟಿದ್ರಂತ, ಈಕಿ ಮೂರನೇದಾಕಿ.
ನಡುವಿನ ಓಣಿ ಈಕಿಗಷ್ಟ ಒಂದು ಮೊಳ ಜಾಸ್ತಿ ಆತು.
ಹಿಮ್ಮಡದ ಎಲುಬು ಒಳಗ ಕುಸದಿತ್ತು,
ಹೆಬ್ಬೆರಳು ಒತ್ತಿದ ರೊಟ್ಟಿ ಹಿಟ್ಟಿನಂಗ.

ನಾನು ಡಾಕ್ಟರ್ ಅಲ್ಲ. ಸಿ-ಆರ್ಮ್ ನೂಕಾಂವ.
ಸೀಸದ ಅಂಗಿ ತೊಟ್ಟು, ಗಾಲಿ ಲಾಕ್ ಮಾಡಿ,
ಅವರು "ಹ್ಞೂಂ" ಅಂದಾಗ ಪೆಡಲ್ ಒತ್ತೂದು.
ಒತ್ತಿದ್ರ ಪರದೆ ಮ್ಯಾಲ ಎಲುಬು ಮೂಡತೈತಿ.
ಇಪ್ಪತ್ತು ವರ್ಷ ಮಂದಿ ಒಳಗಿಂದು ನೋಡೀನಿ,
ನನ್ನ ಎಡಗಾಲು ಮಾತ್ರ ನೋಡಾಕ ಮನಸಾಗಿಲ್ಲ.

ನಂದೂ ಹಿಮ್ಮಡನ. ಹನ್ನೆರಡರಾಗ, ಲಾರಿ ಮ್ಯಾಲಿಂದ ಬಿದ್ದು.
ಮುಧೋಳದಿಂದ ಮಿರಜಕ್ಕ ಕೆಂಪು ಬಸ್ಸಿನಾಗ ಒಯ್ದರು,
ಕಾಲು ಅವ್ವನ ತೊಡಿ ಮ್ಯಾಲ.
ಹೊರಮಗ್ಗಲ ಉದ್ದಕ ಕೊಯ್ದು, ಕೆಳಗ ಹೊಳ್ಳಿಸಿ ಮತ್ತ ಕೊಯ್ದು,
ತೊಗಲು ಹೊಚ್ಚಿಗಿ ಸರಿಸಿದಂಗ ಸರಿಸಿ ಎಲುಬು ಕೂಡ್ಸಿದ್ರು.
ಎಲುಬು ಕೂಡ್ತು. ತೊಗಲು ಕೂಡ್ಲಿಲ್ಲ.
ಮೂಲ್ಯಾಗ ಕರ್ರಗಾಗಿ ಮೂರು ತಿಂಗಳು ಸೋರಿತು.
ಅವರ ತಪ್ಪು ಅನ್ನಾಂಗಿಲ್ಲ.
ಆಗ ನೋಡಬೇಕಂದ್ರ ತಗೀಬೇಕಿತ್ತು.

ಬನಶ್ರೀ ನಿದ್ದಿ ಹೋದಳು. ಮಗ್ಗಲಾಗಿ ಮಲಗ್ಸಿದ್ವಿ.
ಎಷ್ಟು ತೊಳದ್ರೂ ಅಂಗಾಲಿನಾಗ ಪಂಚಮಿ ಮದರಂಗಿ.
ಕೊಪ್ಪದ ಮೇಡಮ್ ಜ್ವಾಳದ ಕಾಳಷ್ಟು ತೂತು ಮಾಡಿ
ಹಿಂದಿನಿಂದ ಒಂದು ಮೊಳಿ ಹೊಗಸಿದ್ರು.
ಹ್ಞೂಂ.
ಮೊಳಿ ಹಿಡಿ ಸಾವಕಾಶ ಕೆಳಗ ಒತ್ತಿದ್ರ
ಒಳಗ ಕುಸದ ತುಂಡು ಮ್ಯಾಲ ಏಳತೈತಿ,
ಬಾವ್ಯಾಗ ಬಿದ್ದ ಕೊಡ
ಪಾತಾಳಗರಡಿಗೆ ಸಿಕ್ಕು ಕತ್ತಲಿ ಬಿಟ್ಟು ಬಂದಂಗ.
ಹ್ಞೂಂ.
ಇನ್ನೊಂದು ನೂಲೆಳಿಯಷ್ಟು.
ಹ್ಞೂಂ.
ಗೆರಿಗೆ ಗೆರಿ ಕೂಡಿತು. ಯಾರೂ ಮಾತಾಡ್ಲಿಲ್ಲ.
ಎರಡು ತಂತಿ ತೂರ್ಸಿ, ತುದಿ ಬಗ್ಗಿಸಿ, ಕತ್ತರಿಸಿದ್ರು.
ಹೊಲಿಗಿ ಇಲ್ಲ. ಹೊಲಿಯಾಕ ಏನೂ ಹರದಿರ್ಲಿಲ್ಲ.

ಹೊರಗ ಬಾಕಿನ ಮ್ಯಾಲ ಅಪ್ಪ ಮಲ್ಲೇಶಪ್ಪ,
ಚಪ್ಪಲಿ ಬಿಟ್ಟು ಕುಂತಾಂವ. ಎರಡೂ ಕಾಲು
ಒಂದಾದ ಮ್ಯಾಲ ಒಂದು ಬರೇ ನೆಲ ತುಳೀತಿದ್ವು,
ಕುಣಿಮಗ್ಗದಾಗ ಇಳಿಬಿಟ್ಟಂಗ.
"ಎಷ್ಟು ಕೊಯ್ದ್ರಿ?" ಅಂದ.
ಕಿರಿಬೆರಳಿನ ಉಗುರು ತೋರ್ಸಿದೆ.
"ಇಷ್ಟಕ್ಕ ಅಷ್ಟು ಹೊತ್ತು?"
ಎಳಿ ಹರದ್ರ ಗಂಟು ಹಾಕೂದು ಎಷ್ಟೊತ್ತಪ,
ಎಲ್ಲಿ ಹರದೈತಿ ಅಂತ ಹುಡುಕೂದಕ್ಕನ ಹೊತ್ತು, ಅಂದೆ.
ಆಗ ಕಾಲು ನಿಂತ್ವು.

ಆರು ವಾರಕ್ಕ ಮತ್ತ ಬಂದ್ಳು.
ತಂತಿ ಎಳಿಯೂ ಮುಂದ ಕಣ್ಣು ಮುಚ್ಚಲಿಲ್ಲ,
"ಇವು ನಾ ಒಯ್ಯಲ್ರಿ?" ಅಂದ್ಳು.
ಮೇಡಮ್ ತೊಳದು ಒಂದು ಸಣ್ಣ ಡಬ್ಬ್ಯಾಗ ಹಾಕಿ ಕೊಟ್ರು.
ಹಿಮ್ಮಡದಾಗ ಎರಡು ಚುಕ್ಕಿ, ಇರಿವಿ ಕಡದಂಗ.
ಇನ್ನೊಂದು ತಿಂಗಳದಾಗ ಅವೂ ಸಿಗೂದಿಲ್ಲ.

ಯಾಕೋ ನಾನು ಬೂಟು ಬಿಚ್ಚಿದೆ. ಕಾಲ್ಚೀಲ ಇಳಿಸಿದೆ.
ನನ್ನ ಹೆಂಡ್ತಿ ಬಿಟ್ಟು ಯಾರೂ ಕಂಡಿರ್ಲಾರದ ಆ ಗೆರಿ,
ಅಂಕುಡೊಂಕು, ಮೂಲ್ಯಾಗ ಸುಟ್ಟ ಕಾಗದದಂಥ ತೊಗಲು.
ಆಕಿ ಹೆದರ್ಲಿಲ್ಲ, ಕನಿಕರಾನೂ ಪಡಲಿಲ್ಲ.
ಬೆರಳಾಡ್ಸಿ ಅಳದು ನೋಡಿ ಕೇಳಿದಳು:
"ನೀವು ಎಲ್ಲಿಂದ ಎಲ್ಲಿಗೆ ಜಿಗದಿದ್ರಿ?"

ಮಿರಜದಾಗ ಯಾರೂ ಇದನ್ನ ಕೇಳಿರ್ಲಿಲ್ಲ.
ಮನ್ಯಾಗೂ.

ಸಕ್ಕರಿ ಫ್ಯಾಕ್ಟರಿ ಮುಂದ, ಅಂದೆ,
ಕಬ್ಬಿನ ಲಾರಿ ಸಾಲು ನಿಂತಿದ್ವು.
ಒಂದರ ಮ್ಯಾಲಿಂದ ಒಂದಕ್ಕ. ನಾಕು ದಾಟಿದ್ದೆ.
ಐದನೇದು, ನಾ ಗಾಳ್ಯಾಗ ಇದ್ದಾಗ,
ಒಂದೀಟು ಮುಂದ ಸರೀತು.