ಈ ವಾರ, ಮುಂದಿನ ವಾರ

ಜನವರಿಯಲ್ಲಿ ನಾಲ್ಕಕ್ಕೇ ಇಲ್ಲಿ ಕತ್ತಲೆ.
ಫೆರಿ ಕೂಗಿದರೆ ಐದಾಯಿತೆಂದು ಅರ್ಥ,
ಕೂಗದಿದ್ದರೆ ಗಾಳಿ ಎದ್ದಿದೆಯೆಂದು.
ಅಲಾಸ್ಕಾದ ಈ ದ್ವೀಪದಲ್ಲಿ ಇಪ್ಪತ್ತೆರಡು ವರ್ಷದಿಂದ
ಪ್ರತಿ ಗುರುವಾರ ಇದೇ ಕುರ್ಚಿ, ಇದೇ ಎರಡು ಪುಟ,
ನಾಳೆ ನೂರ ಹನ್ನೊಂದು ಚೀಲಗಳ ತಳ ಸೇರಿ
ಬಾಳೆಹಣ್ಣಿನಡಿ ನಜ್ಜುಗುಜ್ಜಾಗಲು.

ಪ್ರಿಯ ಪೋಷಕರೆ,

ಮೊದಲಿಗೆ ತಿದ್ದುಪಡಿ.
ಏಳನೆಯ ತರಗತಿಯ ಮಕ್ಕಳಿಂದ ಮಾಡಿದ ಕೇಕು
ಮಾರಾಟಕ್ಕಿದೆ ಎಂದು ಕಳೆದ ವಾರ ಬರೆದಿದ್ದೆ.
ಮಕ್ಕಳು ಮಾಡಿದ್ದು. ಬೆಣ್ಣೆಯಿಂದ.
ಫೋನು ಮಾಡಿ ನಕ್ಕವರಿಗೆಲ್ಲ ವಂದನೆ.

ಶನಿವಾರ ಕುಸ್ತಿ. ಆಚೆ ದ್ವೀಪದ ಹುಡುಗರು
ಫೆರಿ ಬಂದರೆ ಬರುತ್ತಾರೆ,
ವಾಪಸಿನ ಫೆರಿ ಸೋಮವಾರವೇ.
ಎರಡು ರಾತ್ರಿ ಲೈಬ್ರರಿಯಲ್ಲಿ,
ಭೂಗೋಳದ ಕಪಾಟಿನ ಕೆಳಗೆ ಮಲಗುತ್ತಾರೆ.
ಹೊದಿಕೆ ಇದ್ದವರು ಕಳಿಸಿ.
ಹೋದ ವರ್ಷ ಅವರು ನಮ್ಮ ಮಕ್ಕಳಿಗೆ
ಜಿಂಕೆಯ ಸಾರು ಕಾಯಿಸಿ ಬಡಿಸಿದ್ದರು,
ನಾವು ತಂಗಳು ಪಿಜ್ಜಾದಲ್ಲಿ ಕೈತೊಳೆದುಕೊಂಡರೆ ಮಾನ ಉಳಿಯದು.
(ಈ ಸಾಲನ್ನು ಪ್ರಿನ್ಸಿಪಾಲರು ಹೊಡೆದುಹಾಕುತ್ತಾರೆ.
ಹಾಕಲಿ, ಅವರೂ ಒಮ್ಮೆ ಓದಿದಂತಾಯಿತು.)

ಡೊಂಬಕಾಗೆಗಳು ಜಿಪ್ ಎಳೆಯುವುದನ್ನು ಕಲಿತಿವೆ.
ಚೀಲ ಮೆಟ್ಟಿಲ ಮೇಲೆ ಬಿಡಬೇಡಿ.

ಬ್ಯಾಂಡಿನ ಕಾರ್ಯಕ್ರಮ ಹದಿನಾಲ್ಕಕ್ಕೆ.
ಮಾರಿಟ್‌ಳ ಹಲ್ಲಿಗೆ ತಂತಿ ಬಿಗಿದದ್ದರಿಂದ
ಟ್ರಾಂಬೋನು ಈ ಸಲ ಇದ್ದೂ ಇಲ್ಲ.

ಸಿಕ್ಕ ವಸ್ತುಗಳು: ಎಡಗೈಯ ಗವಸು ಒಂಬತ್ತು.
ಬಲಗೈಯದು ಒಂದೂ ಇಲ್ಲ,
ಈ ಊರಿನ ಬಲಗೈಗಳು ಬಲು ಜೋಪಾನ.
ರಬ್ಬರ್ ಬೂಟು ಒಂದೇ ಒಂದು.
ಲಕೋಟೆಯಲ್ಲಿ ಒಂದು ಹಲ್ಲು, ಹೆಸರಿಲ್ಲ.

ಇಲ್ಲಿಗೆ ಎರಡನೆಯ ಪುಟ ಮುಕ್ಕಾಲು.
ಕೆಳಗೆ ನಾಲ್ಕು ಬೆರಳು ಜಾಗ.
ಮಾಮೂಲಾಗಿ ಅಲ್ಲೊಂದು ಹಿಮದ ಗೊಂಬೆ ಅಂಟಿಸುತ್ತೇನೆ.

ಮಂಗಳವಾರದ್ದನ್ನು ಬರೆಯಬೇಕೆಂದಿದೆ.
ಎಂಟನೆಯ ತರಗತಿಯ ಹುಡುಗ
(ಹೆಸರು ಬರೆದೆ, ಅಳಿಸಿದೆ)
ಅಕ್ಟೋಬರಿನಲ್ಲಿ ಅಣ್ಣನ ದೋಣಿ ಹಿಂದಿರುಗದ ದಿನದಿಂದ
ತುಟಿ ಬಿಚ್ಚಿದವನಲ್ಲ.
ಹಾಜರಿ ಕೂಗಿದರೆ ಕೈ ಎತ್ತುತ್ತಿದ್ದ, ಅಷ್ಟೆ.
ಜೂನೋದಿಂದ ಹದಿನೈದು ದಿನಕ್ಕೊಮ್ಮೆ ವಿಮಾನದಲ್ಲಿ
ಒಬ್ಬಾಕೆ ಬಂದು ಬಣ್ಣದ ಪೆನ್ಸಿಲು ಹರಡಿ,
ಮಧ್ಯಾಹ್ನದ ವಿಮಾನಕ್ಕೆ ಎತ್ತಿಕೊಂಡು ಹೋಗುತ್ತಿದ್ದರು.

ಮಂಗಳವಾರ ಊಟದ ಸಾಲಿನಲ್ಲಿ ತಟ್ಟೆ ಹಿಡಿದು
ಅಡಿಗೆಯ ಲಿಗಾಯಾಳನ್ನು ಕೇಳಿದ:
"ಹಾಲು ಮುಗೀತಾ?"

ದನಿ ಒಡೆದಿತ್ತು.
ಮೂರು ತಿಂಗಳು ಯಾರೂ ಕೇಳದ ಕತ್ತಲಲ್ಲಿ
ತನ್ನಷ್ಟಕ್ಕೆ ಬಲಿತು, ದಪ್ಪಗಾಗಿ,
ಹೊರಗೆ ಬಂದಾಗ ಅದು
ಥೇಟ್ ಅವನ ಅಣ್ಣನ ದನಿ.
ಲಿಗಾಯಾ ಸೌಟು ಕೈಬಿಟ್ಟಳು.
ಅವನೂ ಬೆಚ್ಚಿದ, ಯಾರು ಮಾತಾಡಿದ್ದೆಂಬಂತೆ
ಒಂದು ಸಲ ಹಿಂದೆ ತಿರುಗಿದ.
ಹಿಂದಿದ್ದ ಹುಡುಗ ಏನೂ ಅನ್ನದೆ
ತನ್ನ ಹಾಲಿನ ಪೊಟ್ಟಣ ಅವನ ತಟ್ಟೆಗಿಟ್ಟ.
ಯಾರೂ ಚಪ್ಪಾಳೆ ತಟ್ಟಲಿಲ್ಲ, ಪುಣ್ಯ.

ಇದನ್ನು ಯಾವ ತಲೆಬರಹದ ಕೆಳಗೆ ಹಾಕಲಿ?
ಸಾಧನೆ ಅಂದರೆ ಸುಳ್ಳು.
ಸಿಕ್ಕ ವಸ್ತುಗಳು, ಅನ್ನಲು ಬೆರಳು ಬಾರದು.
ಮೀನಿನ ಕಾರ್ಖಾನೆಯ ರಾತ್ರಿಪಾಳಿ ಮುಗಿಸಿ
ಅವನ ತಾಯಿ ಈ ಕಾಗದವನ್ನು
ಫ್ರಿಜ್ಜಿನ ಬಾಗಿಲಿಗೆ ಅಂಟಿಸುತ್ತಾಳೆ, ನಾನು ಕಂಡಿದ್ದೇನೆ,
ಹಳೆಯದನ್ನು ಕಿತ್ತುಹಾಕದೆ, ಅದರ ಮೇಲೇ ಇನ್ನೊಂದು.

ಹಾಗಾಗಿ, ಕೊನೆಯದಾಗಿ:
ಮಂಗಳವಾರ ಊಟದ ಮನೆಯಲ್ಲಿ ಹಾಲು ಸಾಲದೆ ಹೋದದ್ದು
ನಮ್ಮ ಗಮನಕ್ಕೆ ಬಂದಿದೆ.
ಮುಂದಿನ ವಾರದಿಂದ ಎರಡು ಕ್ರೇಟು ಹೆಚ್ಚಿಗೆ ತರಿಸಲಾಗುವುದು.
ಕೇಳಿದವರಿಗೆ ಧನ್ಯವಾದ.

ವರ್ನಾ, ಕಚೇರಿಯಿಂದ.

ವಿ.ಸೂ. ಹೊದಿಕೆಗಳ ಮೇಲೆ ಹೆಸರು ಬರೆದಿರಲಿ.