ಮಜ್ಜೆಯೊಳಗಿನ ಕೊಳ

ಹೊಳೆಗೆ ಬಿದ್ದಳು, ಅಂದ ಗಂಡ.
ಸಿಕ್ಕಿದ್ದೂ ಹೊಳೆಯಲ್ಲೇ, ದೌಗವಾದ ತಿರುವಿನಲ್ಲಿ,
ಮಾರ್ಚ್ ಮೊದಲ ವಾರ, ಗಡ್ಡೆ ಒಡೆದು ತೇಲುವಾಗ.
ದಡದಲ್ಲಿ ಕಾಲು ಜಾರಿದ ಗುರುತು, ಒಂದೇ ಬೂಟು.
ಎಲ್ಲ ಇರಬೇಕಾದಲ್ಲೇ ಇತ್ತು,
ತುಸು ಹೆಚ್ಚೇ ಅಚ್ಚುಕಟ್ಟಾಗಿ.

ನನ್ನ ಮೇಜಿಗೆ ಬಂದದ್ದು ಇಷ್ಟು:
ತೊಡೆಮೂಳೆಯ ಮಜ್ಜೆ, ಒಂದು ಚಮಚೆಗೂ ಕಡಿಮೆ.
ಚೀಟಿಯಲ್ಲಿ ಹೆಸರು: ಸ್ಕೈದ್ರಿತೆ. ವಯಸ್ಸು ನಲವತ್ತೊಂದು.

ರಾತ್ರಿಯಿಡೀ ಆಮ್ಲದಲ್ಲಿ ಕುದಿಸುತ್ತೇನೆ.
ಕೊಬ್ಬು, ನೆತ್ತರು, ಮನುಷ್ಯರದು ಎನ್ನುವುದೆಲ್ಲ
ಕಂದು ಹೊಗೆಯಾಗಿ ಕೊಳವೆ ಏರಿ ಹೋಗುತ್ತದೆ.
ತಳದಲ್ಲಿ ಉಳಿಯುವುದು ಪಾಚಿ.
ಹಸಿರಲ್ಲ, ಅದರ ಗಾಜಿನ ಗೂಡು;
ಕೂದಲಿನ ಅಗಲದಲ್ಲಿ ನಾಲ್ಕು ಹಿಡಿಸುವಷ್ಟು ಸಣ್ಣದು.
ಕೆಲವು ದೋಣಿಯಂತೆ, ಕೆಲವು ಅಂಗಿಗುಂಡಿಯಂತೆ.

ಸತ್ತ ಮೇಲೆ ನೀರಿಗೆ ಹಾಕಿದರೆ
ಇವು ಪುಪ್ಪುಸದ ಹೊಸ್ತಿಲು ದಾಟುವುದು ಅಪರೂಪ.
ಮೂಳೆಯೊಳಗಿನ ತನಕ ಬರಬೇಕಾದರೆ
ಯಾರಾದರೂ ಹೊತ್ತು ತರಬೇಕು.
ಹೊರುವ ಆಳು ಒಂದೇ,
ಇನ್ನೂ ಬಡಿಯುತ್ತಿರುವ ಎದೆ.

ಒಂಬತ್ತು ಸಿಕ್ಕವು.
'ಅಂದರೆ ಮುಳುಗಿದ್ದೇ ನಿಜ' ಎಂದ ಇನ್‌ಸ್ಪೆಕ್ಟರ್ ಗುಂಟಿಸ್,
ಕಡತ ಕಟ್ಟಲು ದಾರ ಹುಡುಕುತ್ತ.
ತಡಿ ಮಾರಾಯ, ಅಂದೆ.
ಮುಳುಗಿದ್ದು ನಿಜ. ಈ ಒಂಬತ್ತರಲ್ಲಿ
ಹೊಳೆಯದು ಒಂದೂ ಇಲ್ಲ.

ಅವರ ಉಗಿಸ್ನಾನದ ಕೋಣೆಯ ಹಿಂದೆ ಮೀನಿನ ಕೊಳ.
ಮೇಲೆ ಗೇಣುದ್ದ ಗಡ್ಡೆ,
ಒಂದು ಚೌಕದಲ್ಲಿ ಮಾತ್ರ ತೆಳುವು:
ಬೆವರಿದ ಮೈ ಮುಳುಗಿಸಿ ಏಳಲು ಕೊಯ್ದ ಜಾಗ.
ನನ್ನ ಮಂಡಿ ನೋವು ಕಂಡು
ಗಂಡನೇ ಕೊಡಲಿ ತಂದು ಒಡೆದುಕೊಟ್ಟ.
ಏಳು ಬಾಟಲಿ ತುಂಬಿಸಿಯೂ ಕೊಟ್ಟ.
'ನೀರಲ್ಲಿ ಏನಮ್ಮ ಹುಡುಕ್ತೀರಿ?
ನೀರು ಅಂದ್ರೆ ನೀರು.'

ಕೋರ್ಟು ನವೆಂಬರಿನಲ್ಲಿ.
ನೂರಕ್ಕೆ ನೂರು ಹೇಳಬಲ್ಲಿರಾ, ಕೇಳಿದ ವಕೀಲ.
ಇಲ್ಲ, ಅಂದೆ.
ತೊಳೆದಿಟ್ಟ ಖಾಲಿ ಗಾಜಿನಲ್ಲೂ ಒಮ್ಮೊಮ್ಮೆ
ಒಂದು ಸಿಕ್ಕಿದ್ದುಂಟು.
ಒಂಬತ್ತು ಸಿಕ್ಕಿದ್ದಿಲ್ಲ.
ಆಮೇಲೆ ಲ್ಯಾಟಿನ್ ಹೆಸರುಗಳನ್ನು ಒಂದೊಂದಾಗಿ ಓದಿದೆ,
ಶಾಲೆಯಲ್ಲಿ ಹಾಜರಿ ಕರೆದ ಹಾಗೆ.
ಗಂಡ ತನ್ನ ಅಂಗೈ ನೋಡಿಕೊಂಡ.

ಹೊರಗೆ ಪಡಸಾಲೆಯ ಬೆಂಚಿನಲ್ಲಿ ಅವಳ ತಾಯಿ ಮಿಲ್ದಾ,
ಮಡಿಲಲ್ಲಿ ಉಣ್ಣೆಯ ಕೈಚೀಲ.
'ಆ ಹೆಸರುಗಳೊಂದೂ ನನಗೆ ತಿಳೀಲಿಲ್ಲ' ಅಂದಳು.
'ಒಂದು ಹೇಳು. ನೀರಿಗೆ ಹೋಗುವಾಗ
ನನ್ನ ಹುಡುಗಿಗೆ ಜೀವ ಇರಲಿಲ್ಲ, ಅಲ್ಲವಾ?
ಆಗಲೇ ಹೋಗಿಬಿಟ್ಟಿತ್ತು, ಅಲ್ಲವಾ?'

ಉತ್ತರ ನನ್ನ ವರದಿಯ ನಾಲ್ಕನೇ ಪುಟದಲ್ಲಿತ್ತು.
ಅವನನ್ನು ಹಿಡಿದುಕೊಟ್ಟದ್ದೂ ಅದೇ ಸಾಲು.

ಕನ್ನಡಕ ಮರೆತು ಬಂದಿದ್ದೀನಿ, ಅಂದಳು,
ನೀನೇ ಓದಿಬಿಡು.

ಪಕ್ಕದಲ್ಲಿ ಕೂತೆ.
ಬಾಟಲಿಗಳ ಗಾತ್ರ, ಆಮ್ಲದ ಅಳತೆ,
ಸೂಕ್ಷ್ಮದರ್ಶಕದ ಕ್ರಮಸಂಖ್ಯೆ, ಎಲ್ಲ ನಿಧಾನವಾಗಿ
ಮೂರನೇ ಪುಟದ ಕೊನೆಯ ತನಕ ಓದಿದೆ.